ಹಸಿ ಹಾಲು

ಮಾಧುರಿ ಪಶುವೈದ್ಯಳಾಗಿ ಓದು ಮುಗಿಸಿದಾಗ ಅವಳ ಅಪ್ಪ ಸಿದ್ದಲಿಂಗಪ್ಪ ಮುಂಬಯಿಯ ವಿಕ್ರೋಳಿಯ ತನ್ನ ಬಿಲ್ಡಿಂಗಿನ ಎಲ್ಲ ಮನೆಗಳಿಗೂ ಪೇಢೆ ಹಂಚಿದ್ದ. ಆಮೇಲೆ ಅವಳು ಇನ್ನೂ ಓದುತ್ತೇನೆ, ಪ್ರಾಣಿಗಳ ರೋಗ ಹೇಗೆ ಹರಡುತ್ತದೆ, ಅವುಗಳಿಂದ ಮನುಷ್ಯರಿಗೆ ಹೇಗೆ ಬರುತ್ತದೆ ಎಂಬುದನ್ನು ಓದುತ್ತೇನೆ ಎಂದಾಗ ಅವನಿಗೆ ಅದು ಪೂರ್ತಿ ತಿಳಿಯಲಿಲ್ಲ. ಆ ಓದೂ ಮುಗಿದು ಸರಕಾರದ ಯೋಜನೆಯೊಂದರಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಹಿಡಿದು, ಕೋಳಿ ಅಂಗಡಿ, ಕಸಾಯಿಖಾನೆ, ಎಮ್ಮೆ ಕಟ್ಟುವ ತಬೇಲಾ ಎಂದು ದಿನವೆಲ್ಲ ತಿರುಗಿ, ಸಂಜೆ ಬೂಟಿಗೆ ಸಗಣಿ ಮೆತ್ತಿಕೊಂಡು ಬರತೊಡಗಿದಾಗ ಬಿಲ್ಡಿಂಗಿನವರಿಗೆ ಏನು ಹೇಳಬೇಕೋ ಅವನಿಗೆ ತೋಚದಾಯಿತು. "ಸರ್ಕಾರದಾಗ ಅದಾಳ್ರಿ," ಎಂದು ಮಾತು ತೇಲಿಸುತ್ತಿದ್ದ.

ಸಿದ್ದಲಿಂಗಪ್ಪ ಇಂಡಿ ತಾಲ್ಲೂಕಿನ ಕಡೆಯವನು. ಹರೆಯದಲ್ಲಿ ಮುಂಬಯಿಗೆ ಬಂದು ವಿಕ್ರೋಳಿಯ ಕಂಪನಿಯಲ್ಲಿ ಫಿಟರ್ ಆಗಿ ದುಡಿದಿದ್ದ. ನಿವೃತ್ತನಾದ ಮೇಲೆ ಬಿಲ್ಡಿಂಗಿನ ಕೆಳಗೇ ಹಾಲು, ಮೊಸರು, ಪನೀರು ಮಾರುವ ಡೇರಿ ಹಾಕಿದ. ಮಗ ಕಿಶೋರ ಗಲ್ಲೆಯ ಮೇಲೆ ಕೂಡುತ್ತಿದ್ದ. ಹಾಲು ಕಾಂಜೂರಿನ ಆಚೆ ಇದ್ದ ಧನರಾಜನ ತಬೇಲಾದಿಂದ ಬರುತ್ತಿತ್ತು. ಧನರಾಜ ಉಡುಪಿಯ ಕಡೆಯವನು. ಮೊದಲು ಹೋಟೆಲುಗಳಿಗೆ ಹಾಲು ಹಾಕುತ್ತಿದ್ದವನು ಕ್ರಮೇಣ ತಾನೇ ಎಮ್ಮೆ ಕಟ್ಟಿದ. ಲಾಕ್‌ಡೌನಿನಲ್ಲಿ ಎಲ್ಲರ ಅಂಗಡಿಯೂ ಮುಚ್ಚಿದ್ದಾಗ ಪೊಲೀಸರ ಕಣ್ಣು ತಪ್ಪಿಸಿ ಸಿದ್ದಲಿಂಗಪ್ಪನಿಗೆ ಹಾಲು ಮುಟ್ಟಿಸಿದವನು ಅವನೇ. "ಒಡಹುಟ್ಟಿದವ ಮಾಡೂದಿಲ್ಲ, ಅಂಥಾದ್ ಮಾಡ್ಯಾನ," ಎಂದು ಸಿದ್ದಲಿಂಗಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದ.

ಕಿಶೋರನ ಹೆಂಡತಿ ವೈಶಾಲಿ ಬೆಳಗಾವಿಯವಳು. ಮದುವೆಯಾಗಿ ನಾಲ್ಕನೆಯ ವರ್ಷಕ್ಕೆ ಬಸುರಿಯಾದಳು. ಮನೆಯಲ್ಲಿ ಅದೊಂದು ಹಬ್ಬವೇ ಆಯಿತು. ಸಿದ್ದಲಿಂಗಪ್ಪ ದಿನಾ ಬೆಳಿಗ್ಗೆ ತಾನೇ ತಬೇಲಾಕ್ಕೆ ಹೋಗಿ ಆಗತಾನೇ ಕರೆದ ಹಾಲು ತರತೊಡಗಿದ. ಅವನ ಹೆಂಡತಿ ರಾಚವ್ವ ಅದಕ್ಕೆ ಸಕ್ಕರೆ, ನಾಲ್ಕು ಎಸಳು ಕೇಸರಿ ಹಾಕಿ, ಒಲೆಯ ಮೇಲಿಡದೆಯೇ ಸೊಸೆಯ ಕೈಗೆ ಕೊಡುತ್ತಿದ್ದಳು.

"ಅವ್ವಾ, ಕಾಸಿ ಕೊಡು ಅಂತ ಎಷ್ಟ್ ಸಲ ಹೇಳ್ಬೇಕು?" ಎಂದು ಮಾಧುರಿ ಬೂಟು ಹಾಕಿಕೊಳ್ಳುತ್ತ ಕೂಗುತ್ತಿದ್ದಳು.

"ಕಾಸಿದ್ರ ಸತ್ವಾ ಎಲ್ಲಿ ಉಳೀತದ? ನಿಮ್ಮಿಬ್ಬರನ್ನ ಹೊಟ್ಯಾಗ ಇಟ್ಕೊಂಡಾಗ ನಾನೂ ನೊರಿಹಾಲು ಕುಡದೀನಿ. ಏನ್ ಕಡಿಮಿ ಆಗೀಯವಾ ನೀ?"

"ಕುಡೀಬ್ಯಾಡ್ರಿ ವೈನಿ."

ವೈಶಾಲಿ ನಕ್ಕು, ಅತ್ತೆಯ ಮುಖ ನೋಡಿ, ಕುಡಿದುಬಿಡುತ್ತಿದ್ದಳು. ಮಾಧುರಿಗೆ ಲೋಕಲ್ ರೈಲಿನ ಹೊತ್ತಾಗುತ್ತಿತ್ತು. ಅವಳು ಹೊರಡುತ್ತಿದ್ದಳು.

ಒಂದು ಭಾನುವಾರ ಬೊರಿವಲಿಯಿಂದ ಸಿದ್ದಲಿಂಗಪ್ಪನ ತಂಗಿ ಶರಣವ್ವ ಊಟಕ್ಕೆ ಬಂದಳು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಎರಡನೆಯ ರೊಟ್ಟಿ ಮುರಿಯುವಾಗ ಶರಣವ್ವ ತಾನು ಬಂದ ಮಾತು ತೆಗೆದಳು.

"ಬಾಂದ್ರಾದಾಗ ನಮ್ಮ ಬಾಜೂ ಮನಿಯವ್ರ ಅಳಿಯಾ ನಾಯಿ-ಬೆಕ್ಕಿನ ದವಾಖಾನಿ ಇಟ್ಟಾನ. ಡಾಕ್ಟರ್ ಬೇಕಾಗ್ಯಾರಂತ. ಎ.ಸಿ. ರೂಮು, ಬಿಳಿ ಕೋಟು. ಸಿನಿಮಾದವ್ರ ನಾಯಿ ಎಲ್ಲಾ ಅಲ್ಲೇ ಬರ್ತಾವಂತ."

"ನಾಯಿಗೆ ಜ್ವರಾ ಬಂದ್ರ ನೋಡಾಕ ಬಾಂದ್ರಾದಾಗ ಭಾಳ ಮಂದಿ ಅದಾರ, ಅತ್ತಿ. ಜ್ವರಾ ಎಲ್ಲಿಂದ ಬಂತು ಅಂತ ಹುಡಕವ್ರು ಕಡಿಮಿ," ಎಂದಳು ಮಾಧುರಿ.

"ಹುಡಕಿ ಏನ್ ಮಾಡ್ತಿ?"

"ಮುಂದಿನವ್ರಿಗೆ ಬರದಂಗ ತಡೀತೀವಿ."

"ಬರಲಾರದ ಜಡ್ಡಿಗೆ ಯಾರ್ ಫೀ ಕೊಡ್ತಾರವಾ?"

ಎಲ್ಲರೂ ನಕ್ಕರು. ಮಾಧುರಿಯೂ ನಕ್ಕಳು. ಆ ನಗು ಇರುವಾಗಲೇ ಹೇಳಿಬಿಡುವುದು ಮೇಲೆಂದು ಅವಳಿಗೆ ಅನಿಸಿರಬೇಕು.

"ದಿಲ್ಯಾಗ ಎರಡು ವರ್ಷದ ಟ್ರೇನಿಂಗ್ ಐತಿ. ಮನಷ್ಯಾರ ಡಾಕ್ಟರೂ ದನದ ಡಾಕ್ಟರೂ ಕೂಡೇ ಕಲಿಯೂದು. ಎಲ್ಲಿ ರೋಗ ಎದ್ರೂ ಕಳಸ್ತಾರ. ಮುಂದ ದೇಶದಾಗ ಎಲ್ಲೆ ಬೇಕಾದ್ರೂ ಕೆಲಸಾ ಸಿಗತೈತಿ, ಹೊರಗೂ ಸಿಗತೈತಿ. ನನ್ನ ಹೆಸರು ಬಂದೈತಿ. ಜೂನದಾಗ ಹೋಗ್ಬೇಕು."

ಸಿದ್ದಲಿಂಗಪ್ಪ ತಲೆಯೆತ್ತಿದ. "ಕೇಳಾಕತ್ತೀಯೋ, ಹೇಳಾಕತ್ತೀಯೋ?"

"ಹೇಳಾಕತ್ತೀನಿ, ಅಪ್ಪಾ."

ಅವನು ಅರ್ಧ ರೊಟ್ಟಿ ಬಿಟ್ಟು ತಟ್ಟೆಯಲ್ಲೇ ಕೈ ತೊಳೆದ. ರಾಚವ್ವ ಗೊಣಗುತ್ತ ತಟ್ಟೆ ಎತ್ತಿದಳು. ಮುಂದೆ ಹಲವು ದಿನ ಅಪ್ಪ-ಮಗಳ ನಡುವೆ ಬೇಕಾದಷ್ಟೇ ಮಾತು.

ಹೋಳಿ ಕಳೆದ ವಾರ ವೈಶಾಲಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿಯೇ ಏಳುತ್ತಿದ್ದಳು. ಹೊತ್ತು ಇಳಿದಂತೆ ಮೈ ಕಾದು, ಚಳಿ ಹತ್ತಿ, ಆಮೇಲೆ ಹಾಸಿಗೆ ತೊಯ್ಯುವಷ್ಟು ಬೆವರುತ್ತಿದ್ದಳು. ಪಾತ್ರೆ ತೊಳೆಯಲು ಬಗ್ಗಿದರೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದಳು. ಸ್ಟೇಷನ್ನಿನ ಬಳಿಯ ಡಾಕ್ಟರು ಟೈಫಾಯ್ಡ್ ಎಂದು ಗುಳಿಗೆ ಬರೆದುಕೊಟ್ಟರು. ಮಾಧುರಿ ಆಗ ಕೋಳಿಗಳ ರೋಗದ ಕೆಲಸಕ್ಕೆಂದು ಪಾಲಘರದ ಕಡೆ ಹೋಗಿದ್ದಳು. ಫೋನಿನಲ್ಲಿ ಟೈಫಾಯ್ಡ್ ಎಂದು ಕೇಳಿ, "ಗುಳಿಗಿ ತಪ್ಪಸಬ್ಯಾಡ್ರಿ," ಎಂದಿದ್ದಳು.

ಮನೆಗೆ ಮರಳಿದ ಮಧ್ಯಾಹ್ನ ವೈಶಾಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ಅವಳು ನೋಡಿದಳು. ಚೀಲ ಕೆಳಗಿಡದೆ ನಿಂತಲ್ಲೇ ಕೇಳಿದಳು.

"ವೈನಿ, ಮುಂಜಾನಿ ಜ್ವರಾ ಇರೂದಿಲ್ಲೇನು?"

"ಇಲ್ಲ. ಸಂಜೀಕಽ ಬರ್ತದ. ಗುಳಿಗಿ ತೊಗೊಂಡ್ರೂ ಹೋಗವಲ್ದು."

ಮಾಧುರಿ ಕೆಳಗಿಳಿದು ಡೇರಿಗೆ ಹೋದಳು. "ಅಪ್ಪಾ, ತಬೇಲಾದಾಗ ಯಾವುದರ ಎಮ್ಮಿ ದಿನಾ ತುಂಬೂದ್ರೊಳಗ ಕಂದ ಹಾಕ್ಯಾವೇನು?"

"ಮೂರು ಹಾಕ್ಯಾವ. ಬಿಸಲಿಗೆ ಹಾಕ್ತಾವ. ಯಾಕ?"

ಮಾಧುರಿ ಮರುದಿನ ಬೆಳಿಗ್ಗೆಯೇ ಕಿಶೋರನನ್ನು ಕರೆದುಕೊಂಡು ವೈಶಾಲಿಯನ್ನು ದೊಡ್ಡ ಆಸ್ಪತ್ರೆಗೆ ಒಯ್ದಳು. ಡಾಕ್ಟರರ ಜೊತೆ ತಾನೇ ಮಾತಾಡಿ, ಯಾವ ಪರೀಕ್ಷೆ ಮಾಡಬೇಕೆಂದು ಹೇಳಿದಳು. ರಕ್ತ ಕೊಟ್ಟು ಬೆಂಚಿನ ಮೇಲೆ ಕುಳಿತಿದ್ದಾಗಲೇ ವೈಶಾಲಿಗೆ ಹೊಟ್ಟೆ ನುಲಿಯತೊಡಗಿತು. ಸಂಜೆಯ ಹೊತ್ತಿಗೆ ಐದು ತಿಂಗಳ ಕೂಸು ಸತ್ತೇ ಹೊರಬಂತು. ಹೆಣ್ಣು. ನರ್ಸು ಕಿಶೋರನನ್ನು ಕರೆದು ತೋರಿಸಿದಳು. ಅವನು ಹೊರಗೆ ಬಂದು, "ಉಗುರೂ ಇದ್ವು, ಮಾಧು," ಎಂದ.

ಪರೀಕ್ಷೆಯ ಫಲ ಬಂತು. ಬ್ರುಸೆಲ್ಲಾ. ದನ, ಎಮ್ಮೆಗಳಲ್ಲಿ ಗರ್ಭಪಾತ ಮಾಡಿಸುವ, ಕಂದ ಹಾಕಿಸುವ ರೋಗ. ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಮಾಧುರಿ ಅದನ್ನು ಅಡುಗೆಮನೆಯಲ್ಲಿ ತಾಯಿಗೆ ಆದಷ್ಟು ಮೆಲ್ಲಗೆ ಹೇಳಿದಳು. ರಾಚವ್ವ ಕೇಳುತ್ತಲೇ ಒಲೆ ಆರಿಸಿದಳು.

"ನನ್ನ ಕೈಲೇ ಕೊಟ್ಟೆ," ಎಂದಳು. "ಕುಡಿಯಾಕ ಒಲ್ಲೆ ಅಂದ್ಲು ಒಂದ್ ದಿನಾ. ಇನ್ನಷ್ಟ್ ಸಕ್ರಿ ಹಾಕಿ ಕೊಟ್ಟೆ."

ಅದೇ ದಿನ ಮಾಧುರಿ ತಂದೆಗೆ ವಿಷಯ ತಿಳಿಸಿದಳು. ಮರುದಿನ ತನ್ನ ತಂಡದವರೊಡನೆ ತಬೇಲಾಕ್ಕೆ ಹೋಗಿ ಎಲ್ಲ ಎಮ್ಮೆಗಳ ರಕ್ತ ತೆಗೆಯುವುದಾಗಿ ಹೇಳಿದಳು.

"ನೀ ರಿಪೋರ್ಟ್ ಮಾಡಿದ್ರ ಧನರಾಜ ಬೀದೀಗಿ ಬೀಳ್ತಾನ. ನಮ್ಮ ಡೇರಿಗೂ ಬೀಗಾ," ಎಂದ ಸಿದ್ದಲಿಂಗಪ್ಪ.

"ಕಾಸಿ ಕುಡದ್ರ ಹಾಲಿಂದ ಏನೂ ಆಗೂದಿಲ್ಲ. ಜಡ್ಡಿನ ಎಮ್ಮಿ ಬ್ಯಾರೆ ಕಟ್ಟಬೇಕು, ಮಾರಬಾರದು, ಅಷ್ಟ."

"ಒಂದ್ ವಾರ ತಡಿ. ನಾ ಅವಗ ತಿಳಿಸಿ ಹೇಳ್ತೀನಿ."

"ತಡದ್ರ ಅಂವ ಎಮ್ಮಿ ಮಾರಿಬಿಡ್ತಾನ, ಅಪ್ಪಾ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಡೇರಿಗೆ ಹೋದನೆಂದು ಮಾಧುರಿ ತಿಳಿದಳು.

ಮರುದಿನ ತಬೇಲಾದಲ್ಲಿ ಒಂದು ಮೂಲೆಯ ಗೂಟಗಳು ಖಾಲಿ ಇದ್ದವು. ಅಲ್ಲಿಯ ನೆಲ ತೊಳೆದು ಸುಣ್ಣ ಹಾಕಿದ್ದರು. ಧನರಾಜ ಕುರ್ಚಿ ತರಿಸಿದ, ಚಹ ತರಿಸಿದ.

"ಕಂದ ಹಾಕಿದ ಎಮ್ಮಿ ಎಲ್ಲಿ ಅದಾವ್ರಿ, ಕಾಕಾ?"

"ಅದನ್ನು ಮಾರಿ ಆಯ್ತು ಮಾರಾಯ್ತಿ. ಹಾಲು ಕಡಿಮೆಯಾದ ಎಮ್ಮೆಗೆ ಎಷ್ಟು ದಿನ ಅಂತ ಹಿಂಡಿ ಹಾಕುವುದು?"

"ಯಾವಾಗ ಮಾರಿದ್ರಿ?"

"ನಿನ್ನೆ." ಧನರಾಜ ನೆಲ ನೋಡಿದ. ಆಮೇಲೆ, ಅವಳಿಗೆ ಗೊತ್ತೇ ಇದೆ ಎಂಬಂತೆ, "ನಿಮ್ಮಪ್ಪ ಬಂದು ಹೇಳಿದ್ರಲ್ಲ. ದೊಡ್ಡ ಮನುಷ್ಯ ಅವರು. ಅವರಿಗೆ ನನ್ನ ಕಷ್ಟ ಗೊತ್ತುಂಟು," ಎಂದ.

ಮಾಧುರಿಯ ಜೊತೆ ಬಂದಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ಒಂದು ಕ್ಷಣ ಅವಳಿಗೆ ಅದರಿಂದ ಸಮಾಧಾನವಾಯಿತು. ಮರುಕ್ಷಣ ಆ ಸಮಾಧಾನಕ್ಕೇ ನಾಚಿಕೆಯಾಯಿತು. ಉಳಿದ ಎಮ್ಮೆಗಳ ರಕ್ತ ತೆಗೆದು ಮುಗಿಸಿ, ತನ್ನ ಮೇಲಧಿಕಾರಿ ಮೇಡಂಗೆ ಫೋನ್ ಮಾಡಿ ಮೂರು ಎಮ್ಮೆಗಳು ಹೋದ ಸುದ್ದಿ ಹೇಳಿದಳು.

"ನಾವು ಬರುವುದು ಅವನಿಗೆ ಹೇಗೆ ಗೊತ್ತಾಯಿತು?" ಎಂದು ಮೇಡಂ ಕೇಳಿದರು.

"ನಮ್ಮ ಮನೆಯಿಂದ, ಮೇಡಂ," ಎಂದಳು ಮಾಧುರಿ.

ಅವಳು ಮನೆಗೆ ಬಂದಾಗ ರಾಚವ್ವ ರೊಟ್ಟಿ ಬಡಿಯುತ್ತಿದ್ದಳು. ಸಿದ್ದಲಿಂಗಪ್ಪ, ಕಿಶೋರ ಊಟಕ್ಕೆ ಕುಳಿತಿದ್ದರು. ಆಸ್ಪತ್ರೆಯಿಂದ ಬಂದಿದ್ದ ವೈಶಾಲಿ ಒಳಕೋಣೆಯಲ್ಲಿ ಮಲಗಿದ್ದಳು.

"ಅಪ್ಪಾ, ನೀ ಹೇಳಿದೇನು ಅವಗ?"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹೇಳ್ದೆ," ಎಂದ ಸಿದ್ದಲಿಂಗಪ್ಪ. "ಏನಾತೀಗ? ಲಾಕ್‌ಡೌನಿನಾಗ ಈ ಮನ್ಯಾಗ ಒಲಿ ಹತ್ತಿದ್ದು ಅವನಿಂದ. ಉಂಡ ಮನೀಗೆ ಎರಡು ಬಗೀಲೇನು? ಒಂದ್ ಮಾತು ಮೊದಲಽ ಹೇಳಿದ್ರ ಹುಷಾರಾಗ್ತಾನ ಅಂತ ಹೇಳ್ದೆ. ಎಮ್ಮಿ ಮಾರು ಅಂತ ನಾ ಹೇಳಿಲ್ಲ."

"ಅಂವ ಮಾರ್ತಾನಂತ ನಿನಗ ಗೊತ್ತಿರಲಿಲ್ಲೇನು?"

ಅವನು ತುತ್ತು ಕಲಸುತ್ತ ಕುಳಿತ.

"ಆ ಎಮ್ಮಿ ಯಾರ ಮನೀಗೆ ಹೋಗ್ಯಾವೋ? ಅಲ್ಲಿ ಯಾರ್ ಹಾಲು ಹಿಂಡತಾರೋ, ಯಾರ್ ಕುಡೀತಾರೋ?"

"ಅರೇ ಅಪ್ಪಾ, ಸೋಚಾ ನಹೀ ಕ್ಯಾ ಕುಛ್? ಒಂದಿಷ್ಟರ ವಿಚಾರ ಮಾಡಿದೇನು?" ಕಿಶೋರ ತಟ್ಟೆ ತಳ್ಳಿದ. "ನನ್ನ ಮಗಳು ಹೋಗಿ ನಾಲ್ಕ್ ದಿನಾ ಆಗಿಲ್ಲ!"

"ಹೋದದ್ದು ಹೋತು!" ಸಿದ್ದಲಿಂಗಪ್ಪನ ದನಿ ಏರಿತು. "ಹೋದ ಕೂಸು ತಿರಗಿ ಬರ್ತದೇನು? ಇದ್ದವ್ರ ಹೊಟ್ಟಿ ಯಾರು ನೋಡವ್ರು? ಡೇರಿ ಮುಚ್ಚಿದ್ರ ನೀ ಏನ್ ಮಾಡ್ತಿ? ಅಕಿ ದಿಲ್ಲೀಗೆ ಹಾರಿ ಹೋಗ್ತಾಳ. ನೀ?"

ವೈಶಾಲಿ ಬಾಗಿಲಲ್ಲಿ ಬಂದು ನಿಂತಿದ್ದಳು. ಯಾರೂ ನೋಡಿರಲಿಲ್ಲ. ಒಂದು ಕೈ ಚೌಕಟ್ಟಿನ ಮೇಲಿತ್ತು. ಮಾವನ ಎದುರು ದನಿಯೆತ್ತಿ ಮಾತಾಡಿದವಳೇ ಅಲ್ಲ, ಈಗಲೂ ದನಿಯೆತ್ತಲಿಲ್ಲ.

"ಅತ್ಯಾರ ಮ್ಯಾಲೆ ನನಗ ಸಿಟ್ಟಿಲ್ರಿ, ಮಾವಾರ. ಅವ್ರಿಗೆ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಹೇಳಿ ಬಂದ್ರಿ."

"ವೈಶಾಲಿ, ನಾ..."

"ಹೋದದ್ದು ಹೋತು ಅಂದ್ರಿ. ಹೌದ್ರಿ." ಅವಳು ಕಿಶೋರನ ಕಡೆ ತಿರುಗಿದಳು. "ಅಟ್ಟದ ಮ್ಯಾಲಿನ ನನ್ನ ಬ್ಯಾಗ್ ಇಳಸ್ರಿ."

ರಾಚವ್ವ ಹಿಟ್ಟಿನ ಕೈಯಲ್ಲೇ ಎದ್ದು ಅವಳ ಕೈ ಹಿಡಿದಳು. ವೈಶಾಲಿ ಅತ್ತೆಯ ಕೈ ಬಿಡಿಸಲಿಲ್ಲ, ಆದರೆ ನಿಲ್ಲಲೂ ಇಲ್ಲ. ಅವಳ ಅಣ್ಣ ಬಂದು ಬೆಳಗಾವಿಗೆ ಕರೆದುಕೊಂಡು ಹೋದ.

ಉಳಿದ ಎಮ್ಮೆಗಳಲ್ಲೂ ಅನೇಕಕ್ಕೆ ರೋಗ ತಗಲಿರುವುದು ಪರೀಕ್ಷೆಯಲ್ಲಿ ಕಂಡಿತು. ಹಾಲು ಕರೆಯುತ್ತಿದ್ದ ಇಬ್ಬರು ಆಳುಗಳಿಗೂ ಇತ್ತು. ಅವರು ತಿಂಗಳುಗಟ್ಟಲೆ ಜ್ವರದ ಗುಳಿಗೆ ನುಂಗಿಕೊಂಡೇ ಕೆಲಸ ಮಾಡುತ್ತಿದ್ದರು. ತಬೇಲಾದಿಂದ ಹಸಿ ಹಾಲು ಹೊರಗೆ ಹೋಗಕೂಡದೆಂದು ಆಜ್ಞೆಯಾಯಿತು. ಸಿದ್ದಲಿಂಗಪ್ಪ ಡೇರಿಯಲ್ಲಿ ಪ್ಯಾಕೆಟ್ ಹಾಲು ತಂದಿಟ್ಟ. ಬಿಲ್ಡಿಂಗಿನವರು ಅದನ್ನೂ ಎದುರಿನ ಅಂಗಡಿಯಲ್ಲಿ ಕೊಳ್ಳತೊಡಗಿದರು. ಲಿಫ್ಟಿನಲ್ಲಿ ಒಬ್ಬಳು ರಾಚವ್ವನನ್ನು, "ನಿಮ್ಮ ಮಗಳೇ ಕಂಪ್ಲೇಂಟ್ ಮಾಡಿದಳಂತೆ, ಹೌದಾ?" ಎಂದು ಕೇಳಿದಳು. ರಾಚವ್ವ ಅಂದಿನಿಂದ ಮೆಟ್ಟಿಲು ಹತ್ತಿಯೇ ಮೇಲೆ ಬರುತ್ತಿದ್ದಳು. ಮನೆಯಲ್ಲಿ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಮರೆತು, ಅದು ಉಕ್ಕಿ, ಸೀದು, ಕರ್ರಗೆ ಹತ್ತುವವರೆಗೂ ಇಳಿಸುತ್ತಿರಲಿಲ್ಲ.

ಕಿಶೋರ ಅಪ್ಪನೊಡನೆ ಮಾತು ಬಿಟ್ಟ. ಎದುರಿಗೇ ಕುಳಿತಿದ್ದರೂ, "ಅವ್ವಾ, ಆ ಚಟ್ನಿ ಈ ಕಡೆ ಸರಸಾಕ ಹೇಳು," ಎನ್ನುತ್ತಿದ್ದ. ಒಂದು ಸಲ ಬೆಳಗಾವಿಗೆ ಹೋಗಿ ಒಬ್ಬನೇ ಮರಳಿದ.

"ಏನಂದ್ಲೋ?" ಎಂದು ರಾಚವ್ವ ಕೇಳಿದಳು.

"ಬ್ಯಾರೆ ಮನಿ ಮಾಡಿದ್ರ ಬರ್ತೀನಿ ಅಂದ್ಲು. ಈ ಮನ್ಯಾಗ ನೀರೂ ಕುಡಿಯಾಂಗಿಲ್ಲಂತ."

ಅವನು ಬೊರಿವಲಿಯಲ್ಲಿ ಕೊರಿಯರ್ ಕಂಪನಿಯೊಂದಕ್ಕೆ ಸೇರಿಕೊಂಡು ಅತ್ತೆ ಶರಣವ್ವನ ಮನೆಯಲ್ಲಿ ಉಳಿದ. ಡೇರಿಯ ಶಟರು ಅರ್ಧ ತೆರೆದೇ ಇರುತ್ತಿತ್ತು.

ಮಾಧುರಿ ಆ ಮೂರು ಎಮ್ಮೆಗಳ ಬೆನ್ನು ಹತ್ತಿದ್ದಳು. ಟೆಂಪೋದವರನ್ನು, ದಲಾಲರನ್ನು ಕೇಳಿದಳು. ಕಲ್ಯಾಣ, ಭಿವಂಡಿ ಸುತ್ತಿದಳು. ಯಾರೂ ಬಾಯಿ ಬಿಡಲಿಲ್ಲ. ದಿಲ್ಲಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ಸಿದ್ದಲಿಂಗಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ.

"ನಡಿ."

"ಎಲ್ಲಿಗೆ?"

"ಟಿಟವಾಳಾದ ಆಚೆ ಒಂದು ಹಳ್ಳಿ. ಒಂದು ಎಮ್ಮಿ ಅಲ್ಲಿ ಐತಿ. ಉಳದ ಎರಡು ಎಲ್ಲಿ ಹ್ವಾದ್ವೋ ದಲಾಲಗೂ ಗೊತ್ತಿಲ್ಲಂತ. ಧನರಾಜ ಹೇಳಿದ."

"ಹ್ಯಾಂಗ ಹೇಳಿದ?"

"ಅವನ ಬಾಗಲದಾಗ ಕುಂತೆ. ಹೇಳೂತನಕ ಏಳಲಿಲ್ಲ."

ಲೋಕಲಿನಲ್ಲಿ ಇಬ್ಬರೂ ಎದುರುಬದುರು ಕುಳಿತರು. ಕಲ್ಯಾಣ ದಾಟಿದ ಮೇಲೆ ಅವನು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ: "ಆಕೀಗೆ ಮುಂದ ಮಕ್ಕಳಾಗ್ತಾವೇನು?"

"ಔಷಧಿ ಪೂರಾ ತೊಗೊಂಡ್ರ ಆಗ್ತಾವ, ಅಪ್ಪಾ."

ಹಳ್ಳಿಯ ಮನೆ ಸಣ್ಣದು. ತಗಡಿನ ಮಾಡು, ಪಕ್ಕದಲ್ಲಿ ಒಂದು ಚಪ್ಪರ, ಅದರಡಿ ಎಮ್ಮೆ. ಸಿದ್ದಲಿಂಗಪ್ಪ ಅದರ ಒಂದು ಮುರುಕು ಕೋಡು ನೋಡಿಯೇ ಗುರುತು ಹಿಡಿದ. ಸುಗಂಧಾ ಎಂಬ ಹೆಂಗಸು ಬುಟ್ಟಿಯಲ್ಲಿ ಮೇವು ತಂದು ಹಾಕಿದಳು. ಬುಟ್ಟಿ ಇಳಿಸಿ ನೇರವಾಗುವಾಗ ಎರಡೂ ಕೈಗಳಿಂದ ಸೊಂಟ ಹಿಡಿದುಕೊಂಡಳು. ಮಾಧುರಿ ಚೀಲದಿಂದ ತನ್ನ ಗುರುತಿನ ಚೀಟಿ ತೆಗೆಯುತ್ತಿದ್ದಳು. ನೋಡಿದವನು ಸಿದ್ದಲಿಂಗಪ್ಪ.

"ತಾಯಿ, ನಿಮಗೆ ಸಂಜೆ ಹೊತ್ತು ಜ್ವರ ಬರುತ್ತದಾ?" ಎಂದು ತನ್ನ ಒರಟು ಮರಾಠಿಯಲ್ಲಿ ಕೇಳಿದ.

ಅವಳು ಬೆರಗಾಗಿ ನೋಡಿದಳು. "ಬರುತ್ತದೆ. ಟೈಫಾಯ್ಡ್ ಅಂದರು. ನಿಮಗೆ ಹೇಗೆ ಗೊತ್ತು?"

ಸಿದ್ದಲಿಂಗಪ್ಪ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟ. ಸುಗಂಧಾಳ ಗಂಡ ಹೊರಗೆ ಬಂದ. ಮಾಧುರಿ ಇಲಾಖೆಯ ಮಾತಿನಲ್ಲಿ ಹೇಳಲು ಶುರು ಮಾಡಿದಳು, ಇದು ಹಾಲಿನಿಂದ ಬರುವ ರೋಗ, ರಕ್ತ ಪರೀಕ್ಷೆ ಮಾಡಬೇಕು ಎಂದು. ಅಪ್ಪ ನಡುವೆ ಬಾಯಿ ಹಾಕಿದ.

"ಈ ಎಮ್ಮೆಗೆ ರೋಗ ಇದ್ದದ್ದು ನನಗೆ ಗೊತ್ತಿತ್ತು. ಇವಳು ಹಿಡಿಯಲು ಹೋಗುವ ಮೊದಲು ಮಾಲೀಕನಿಗೆ ನಾನೇ ಸುದ್ದಿ ಕೊಟ್ಟೆ. ಅದಕ್ಕೇ ನಿಮ್ಮ ಮನೆಗೆ ಬಂತು. ನನ್ನ ಸೊಸೆಗೆ ಇದೇ ಜ್ವರ. ಹೊಟ್ಟೆಯಲ್ಲಿನ ಕೂಸು ಹೋಯಿತು."

ಗಂಡ ಅವನ ಅಂಗಿಯ ಕಾಲರು ಹಿಡಿದು ಎತ್ತಿದ. ಮಾಧುರಿ ಅಡ್ಡ ಬಂದಳು. "ಬಿಡು, ಹೊಡೀಲಿ," ಎಂದ ಸಿದ್ದಲಿಂಗಪ್ಪ ಕನ್ನಡದಲ್ಲಿ. ಆ ಮನುಷ್ಯ ಹೊಡೆಯಲಿಲ್ಲ. ಕೈ ಬಿಟ್ಟು ಮಾಧುರಿಯನ್ನು ಕೇಳಿದ:

"ಇದರ ಹಾಲು ಸಂಘದವರು ಇನ್ನು ತೆಗೆದುಕೊಳ್ಳುತ್ತಾರಾ?"

"ಇಲ್ಲ."

"ಎಮ್ಮೆ ಮಾರಬಹುದಾ?"

"ಮಾರುವ ಹಾಗಿಲ್ಲ."

"ಬೇರೆ ಎಮ್ಮೆ ಕೊಡುತ್ತೀರಾ?"

"ಮೇಲೆ ಬರೆಯುತ್ತೇನೆ," ಎಂದಳು ಮಾಧುರಿ. ಬರೆದದ್ದು ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಸುಗಂಧಾ ಮಾತ್ರ ಹೊರಗೇ ನಿಂತು, ರಕ್ತ ತೆಗೆಯಲು ತೋಳು ಚಾಚಿದಳು.

ಅವಳಿಗೆ ರೋಗವಿರುವುದು ಖಚಿತವಾಯಿತು. ಸಿದ್ದಲಿಂಗಪ್ಪ ಆ ಸಂಜೆಯೇ ಬೆಳಗಾವಿಗೆ ಫೋನ್ ಮಾಡಿ ವೈಶಾಲಿಯನ್ನು ಫೋನಿಗೆ ಕರೆಸಿ, ನಡೆದದ್ದನ್ನೆಲ್ಲ ಹೇಳಿದ. "ತಪ್ಪಾತವಾ," ಎಂದ. ಅವಳು ಪೂರ್ತಿ ಕೇಳಿ, "ಕೇಳಿದೆ ರೀ, ಮಾವಾರ," ಎಂದು ಫೋನಿಟ್ಟಳು.

ಜೂನಿನಲ್ಲಿ ಮಾಧುರಿ ದಿಲ್ಲಿಗೆ ಹೊರಟಳು. ರಾಚವ್ವ ಕಡಕ್ ರೊಟ್ಟಿ ಕಟ್ಟಿಕೊಟ್ಟಳು. ಸ್ಟೇಷನ್ನಿಗೆ ಬಂದ ಅಪ್ಪ, ಹೋಗಬೇಡ ಎನ್ನಲಿಲ್ಲ, ಯಾವಾಗ ಬರುತ್ತಿ ಎನ್ನಲೂ ಇಲ್ಲ. ಸುಗಂಧಾಳ ಔಷಧಿಯ ಮಾತು ಕೇಳಿದ.

"ಆರು ವಾರ ತಪ್ಪದಂಗ ತೊಗೋಬೇಕು. ಜ್ವರಾ ಇಳೀತು ಅಂತ ನಡುವ ಬಿಟ್ರ ತಿರಗಿ ಬರ್ತದ. ಹಳ್ಯಾಗ ಭಾಳ ಮಂದಿ ಬಿಟ್ಟುಬಿಡ್ತಾರ. ಅಲ್ಲಿಯ ದವಾಖಾನ್ಯಾಗ ಎಲ್ಲಾ ಗುಳಿಗಿ ಸಿಗೂದೂ ಇಲ್ಲ."

"ಬಿಡೂದಿಲ್ಲ, ನೀ ನಡಿ," ಎಂದ ಅವನು.

ಅಂದಿನಿಂದ ಅವನು ವಾರಕ್ಕೊಮ್ಮೆ ಗುಳಿಗೆ ತೆಗೆದುಕೊಂಡು ಟಿಟವಾಳಾದ ಲೋಕಲ್ ಹತ್ತುತ್ತಿದ್ದ. ಮಳೆ ಹಿಡಿದಿತ್ತು. ಸುಗಂಧಾಳ ಗಂಡ ಅವನನ್ನು ಕಟ್ಟೆಯ ಮೇಲೆ ಹತ್ತಗೊಡುತ್ತಿರಲಿಲ್ಲ. ಅವನು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಛತ್ರಿ ಹಿಡಿದು ಕೂಡುತ್ತಿದ್ದ. ಅವಳು ತಂಬಿಗೆಯಲ್ಲಿ ನೀರು ತಂದು ಅವನ ಎದುರಿಗೇ ಆ ದಿನದ ಗುಳಿಗೆ ನುಂಗಿ, ಖಾಲಿಯಾದ ಹಿಂದಿನ ವಾರದ ಪಟ್ಟಿ ತೋರಿಸುತ್ತಿದ್ದಳು. ಎಮ್ಮೆ ಚಪ್ಪರದಲ್ಲೇ ಇತ್ತು. ಮಾಧುರಿ ಮೇಲೆ ಬರೆದದ್ದಕ್ಕೆ ಉತ್ತರ ಬಂದಿರಲಿಲ್ಲ.

ನಾಲ್ಕನೆಯ ಸಲ ಹೋದಾಗ ಅವಳು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: "ಸೊಸೆ ಮನೆಗೆ ಬಂದಳಾ?"

"ಇಲ್ಲ."

ಅವಳು ಮುಂದೇನೋ ಕೇಳುವವಳಿದ್ದಳು.

"ನುಂಗು, ತಾಯಿ," ಎಂದ ಸಿದ್ದಲಿಂಗಪ್ಪ.

ಅವಳು ನುಂಗಿದಳು. ಅವನು ಮುಂದಿನ ವಾರದ ಗುಳಿಗೆಗಳನ್ನು ಅವಳ ಕೈಗೆ ಕೊಟ್ಟು, ಕಲ್ಲಿನಿಂದ ಎದ್ದು, ಸ್ಟೇಷನ್ನಿನ ದಾರಿ ಹಿಡಿದ.